ಎಡಕ್ಕೆ ಓಡುವ ಚೆಂಡು ಮತ್ತು ಬೆನ್ ಹೋಗನ್



ಭಾನುವಾರದ ಕಾರ್ಯಕ್ರಮ ಮುಗಿಸಿ ಸ್ಟುಡಿಯೋದಿಂದ ಹೊರಗೆ ಬಂದಿದ್ದೆ ಅಷ್ಟೇ, ಫೋನ್ ಬಂತು. ಚೆಂಬೂರಿನ ಹಿರಿಯರೊಬ್ಬರು. ಕಾರ್ಕಳದ ಕಡೆಯವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಯಾವಾಗಲೂ ಪಿ.ಬಿ. ಶ್ರೀನಿವಾಸ್ ಹಾಡು ಕೇಳುವವರು ಆ ದಿನ ಹಾಡಿನ ಸುದ್ದಿಯನ್ನೇ ಎತ್ತಲಿಲ್ಲ.

"ನೀವು ಏನೇನೋ ಹಳೇ ಕಥೆ ಹೇಳ್ತೀರಲ್ಲ, ಇದಕ್ಕೊಂದು ಉತ್ತರ ಹೇಳಿ ನೋಡುವಾ. ನನ್ನ ಚೆಂಡು ಎಡಕ್ಕೇ ಹೋಗ್ತದೆ ಮಾರಾಯ್ರೇ. ಹುಕ್ಕು! ಎರಡು ವರ್ಷ ಆಯ್ತು. ಇದಕ್ಕೆ ಮದ್ದಿಲ್ವಾ?"

ಹುಕ್ ಅಂದರೆ ನಿಮಗೆ ನೆನಪಾಗುವುದೇ ನನಗೂ ನೆನಪಾಯಿತು. ಬೌನ್ಸರ್ ಬಂದಾಗ ಬ್ಯಾಟ್ಸ್‌ಮನ್ ತಿರುಗಿ ಹೊಡೆಯುವ ಹುಕ್. ಈ ವಯಸ್ಸಿನಲ್ಲಿ ಇವರಿಗೆ ಬೌನ್ಸರ್ ಹಾಕುತ್ತಿರುವ ಪುಣ್ಯಾತ್ಮ ಯಾರು ಎಂದು ಕೇಳಿಯೇ ಬಿಟ್ಟೆ. ಅವರು ಮನಸಾರೆ ನಕ್ಕರು. ನಿವೃತ್ತಿಯ ನಂತರ ಗಾಲ್ಫ್ ಹಿಡಿದಿದ್ದಾರಂತೆ. ನಾನೋ ಚೆಂಬೂರಿನ ಗಾಲ್ಫ್ ಮೈದಾನವನ್ನು ಬಸ್ಸಿನ ಕಿಟಕಿಯಿಂದ, ಅದೂ ಕಾಂಪೌಂಡ್ ಗೋಡೆಯ ಈಚೆಯಿಂದ ನೋಡಿದವನು. ಕೋಲಿನಲ್ಲಿ ಹೊಡೆದದ್ದು ಏನಾದರೂ ಇದ್ದರೆ ಊರಿನ ಚಿನ್ನಿಯನ್ನು ಮಾತ್ರ. ಓದಿದ್ದು ಕನ್ನಡ ಬಿ.ಎ. ಆದರೂ ಕೇಳುಗರು ಕೇಳಿದ ಮೇಲೆ ಗೊತ್ತಿಲ್ಲ ಎನ್ನಲು ನಾಲಿಗೆ ಏಳುವುದಿಲ್ಲ. ನೋಡಿ ಹೇಳುತ್ತೇನೆ ಎಂದೆ. ನೋಡುತ್ತಾ ಹೋದರೆ ಅದೊಂದು ದೊಡ್ಡ ಕಥೆಯೇ ಆಯಿತು.

ಗಾಲ್ಫ್ ನಮಗೆ ಸಂಬಂಧವಿಲ್ಲದ ಆಟ ಎಂದು ಪುಟ ತಿರುಗಿಸಬೇಡಿ. ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಇನ್ನು 2021ರ ಆಗಸ್ಟ್ 7ರ ಬೆಳಿಗ್ಗೆ ನೀವೆಲ್ಲ ಏನು ಮಾಡುತ್ತಿದ್ದಿರಿ ಹೇಳಿ? ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಆಡುತ್ತಿದ್ದರೆ, ತಾಯಿಯೇ ಬ್ಯಾಗ್ ಹೊತ್ತು ಜೊತೆಗೆ ನಡೆಯುತ್ತಿದ್ದರು. ನಿಯಮ ಒಂದೂ ಗೊತ್ತಿಲ್ಲದ ನಾವು ಚೆಂಡು ಗುಳಿಗೆ ಬೀಳಲಿ ದೇವರೇ ಎಂದು ಟಿವಿ ಮುಂದೆ ಕೂತಿದ್ದೆವು. ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ ಬಂತು. ಆ ಆಟದಲ್ಲಿ ಒಂದು ಹೊಡೆತದ ಬೆಲೆ ಎಷ್ಟು ಅನ್ನುವುದು ಆ ದಿನ ನಮಗೆ ತಿಳಿಯಿತು.

ಈಗ ಹುಕ್ ಅಂದರೆ ಏನು ನೋಡೋಣ. ಬಲಗೈ ಆಟಗಾರ ಹೊಡೆದ ಚೆಂಡು ನೆಟ್ಟಗೆ ಹೋಗದೆ ಗಾಳಿಯಲ್ಲಿ ಎಡಕ್ಕೆ ಬಾಗಿ, ಕೆಳಗೆ ಬಿದ್ದ ಮೇಲೂ ಎಡಕ್ಕೇ ಓಡಿಹೋಗುವುದು ಹುಕ್. ಬಲಕ್ಕೆ ಬಾಗಿದರೆ ಸ್ಲೈಸ್. ಎಡಗೈಯವರು ಇದನ್ನು ತಿರುಗಿಸಿ ಓದಿಕೊಳ್ಳಬೇಕು. ಸ್ಲೈಸ್ ಆದ ಚೆಂಡು ಮೇಲೆದ್ದು ಬಲಕ್ಕೆ ಜಾರಿ ಹೆಚ್ಚು ಓಡದೆ ನಿಲ್ಲುತ್ತದೆ. ಹುಕ್ ಹಾಗಲ್ಲ. ತಗ್ಗಿನಲ್ಲಿ ಹಾರಿ ನೆಲ ಮುಟ್ಟಿದ್ದೇ ತಡ, ಹಗ್ಗ ಬಿಚ್ಚಿದ ಕರುವಿನಂತೆ ಓಡಿ ಪೊದೆಗೋ ನೀರಿಗೋ ನುಗ್ಗುತ್ತದೆ. ಹೊಸಬರಲ್ಲಿ ಬಹುಪಾಲು ಜನರಿಗೆ ಸ್ಲೈಸ್ ಕಾಟ. ಹುಕ್ ಬರುವುದು ಸಾಮಾನ್ಯವಾಗಿ ಸ್ವಲ್ಪ ಚೆನ್ನಾಗಿ, ಸ್ವಲ್ಪ ಜೋರಾಗಿ ಹೊಡೆಯಲು ಕಲಿತವರಿಗೆ. ಈ ಮಾತು ಹೇಳಿದಾಗ ನಮ್ಮ ಹಿರಿಯರಿಗೆ ಖುಷಿಯಾಯಿತು!

ಚೆಂಡು ಬಾಗುವುದು ಯಾಕೆ? ಇದಕ್ಕೆ ಉತ್ತರ ಗಾಲ್ಫ್ ಆಡುವವರಿಗಿಂತ ಮೊದಲು ವಿಜ್ಞಾನಿಗಳಿಗೆ ಸಿಕ್ಕಿತು. ಓರೆ ರ‍್ಯಾಕೆಟ್ಟಿನಿಂದ ಹೊಡೆದ ಟೆನಿಸ್ ಚೆಂಡು ಬಾಗಿ ಹೋಗುವುದನ್ನು ನ್ಯೂಟನ್ 1672ರಲ್ಲೇ ಬರೆದಿದ್ದ. ಗಾಲ್ಫ್ ಚೆಂಡಿನ ಹಿಂದೆ ಬಿದ್ದವನು ಎಡಿನ್‌ಬರೋದ ಪ್ರೊಫೆಸರ್ ಪೀಟರ್ ಗತ್ರಿ ಟೇಟ್. ಗಣಿತ, ಭೌತಶಾಸ್ತ್ರ ಎರಡರಲ್ಲೂ ಪಂಡಿತ, ಗಾಲ್ಫ್ ಹುಚ್ಚು ಬೇರೆ. ಮಗ ಫ್ರೆಡ್ಡಿ ಟೇಟ್ 1896 ಮತ್ತು 1898ರಲ್ಲಿ ಬ್ರಿಟಿಷ್ ಅಮೆಚೂರ್ ಚಾಂಪಿಯನ್ ಆದವನು. ಚೆಂಡಿನ ಹಾರಾಟಕ್ಕೂ ಬಾಗುವಿಕೆಗೂ ಅದು ತಿರುಗುವುದೇ ಕಾರಣ ಎಂದು ಪ್ರೊಫೆಸರ್ 1890ರ ದಶಕದಲ್ಲಿ ಲೆಕ್ಕ ಹಾಕಿ ತೋರಿಸಿದ. ನಮಗೆ ಇದು ಅರ್ಥವಾಗಲು ಅಷ್ಟು ದೂರ ಹೋಗಬೇಕಿಲ್ಲ. ಪ್ರಸನ್ನ ಅವರ ಆಫ್ ಸ್ಪಿನ್ ನೋಡಿದವರು, ಕಡೆಯ ಪಕ್ಷ ಅಪ್ಪನ ಬಾಯಲ್ಲಿ ಕೇಳಿದವರು ನಿಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದೀರಿ. ತಿರುಗುವ ಚೆಂಡು ಪಿಚ್ಚಿಗೆ ಬೀಳುವ ಮೊದಲೇ ಗಾಳಿಯಲ್ಲಿ ಸರಿದುಬಿಡುತ್ತದಲ್ಲ, ಅದೇ ಇದು.

ಗಾಲ್ಫ್ ಕ್ಲಬ್ಬಿಗೆ ಒಂದು ಮುಖ ಇರುತ್ತದೆ. ಅದು ಚೆಂಡಿಗೆ ತಗಲಿಕೊಂಡಿರುವುದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲಿ ಒಂದು ಪಾಲು ಮಾತ್ರ. ಆ ಗಳಿಗೆಯಲ್ಲಿ ಕ್ಲಬ್ಬು ಬೀಸಿ ಬರುತ್ತಿರುವ ದಾರಿ ಒಂದು ಕಡೆಗಿದ್ದು, ಮುಖ ಅದಕ್ಕಿಂತ ಎಡಕ್ಕೆ ತಿರುಗಿದ್ದರೆ, ಅವರ ಭಾಷೆಯಲ್ಲಿ 'ಮುಚ್ಚಿದ್ದರೆ', ಚೆಂಡಿಗೆ ಓರೆ ತಿರುಗು ಸಿಕ್ಕಿ ಹುಕ್ ಆಗುತ್ತದೆ. ಹೇಳುವುದು ಇಷ್ಟೇ. ಇದನ್ನು ಸರಿಪಡಿಸಲು ಒಬ್ಬ ಮನುಷ್ಯನಿಗೆ ಹದಿನಾರು ವರ್ಷ ಬೇಕಾಯಿತು.

ಆ ಮನುಷ್ಯ ಬೆನ್ ಹೋಗನ್. ನಮ್ಮ ವ್ಯಾಕರಣದಲ್ಲಿ 'ಹೋಗನು' ಎಂದರೆ ಹೋಗುವುದಿಲ್ಲ ಎಂಬ ನಿಷೇಧ ರೂಪ. ಕನ್ನಡ ಮೇಷ್ಟ್ರು ಯಾರಾದರೂ ಇಟ್ಟ ಹೆಸರೇನೋ ಅನ್ನಿಸಿತು ನನಗೆ. ಅಷ್ಟು ಸಲ ಸೋತರೂ ಆಟ ಬಿಟ್ಟು ಹೋಗಲಿಲ್ಲ ಪುಣ್ಯಾತ್ಮ.

ಹುಟ್ಟಿದ್ದು 1912ರ ಆಗಸ್ಟ್ 13, ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ. ತಂದೆ ಚೆಸ್ಟರ್ ಕಮ್ಮಾರ. 1922ರಲ್ಲಿ ಆತ ತಾನೇ ಗುಂಡು ಹೊಡೆದುಕೊಂಡು ಸತ್ತಾಗ ಬೆನ್‌ಗೆ ಒಂಬತ್ತು ವರ್ಷ. ಮನೆ ನಡೆಯಬೇಕಲ್ಲ? ಫೋರ್ಟ್ ವರ್ತ್ ಊರಿನ ರೈಲ್ವೆ ಸ್ಟೇಷನ್ನಿನಲ್ಲಿ ಪೇಪರ್ ಮಾರಿದ. ಹನ್ನೊಂದು ವರ್ಷಕ್ಕೆ ಗ್ಲೆನ್ ಗಾರ್ಡನ್ ಎಂಬ ಕ್ಲಬ್ಬಿನಲ್ಲಿ ಕ್ಯಾಡಿಯಾದ, ಅಂದರೆ ಶ್ರೀಮಂತರ ಗಾಲ್ಫ್ ಬ್ಯಾಗ್ ಹೊರುವ ಹುಡುಗ. ವಿಚಿತ್ರ ನೋಡಿ, ಅದೇ ಕ್ಲಬ್ಬಿನಲ್ಲಿ ಅದೇ ವಯಸ್ಸಿನ ಇನ್ನೊಬ್ಬ ಹುಡುಗನೂ ಬ್ಯಾಗ್ ಹೊರುತ್ತಿದ್ದ. ಅವನ ಹೆಸರು ಬೈರನ್ ನೆಲ್ಸನ್. 1927ರ ಕ್ರಿಸ್‌ಮಸ್‌ಗೆ ಕ್ಯಾಡಿ ಹುಡುಗರಿಗೆಂದೇ ಇಟ್ಟ ಪಂದ್ಯದಲ್ಲಿ ನೆಲ್ಸನ್ ಒಂದು ಹೊಡೆತದಿಂದ ಹೋಗನ್‌ನನ್ನು ಸೋಲಿಸಿದ. ಮುಂದೆ ಇಬ್ಬರೂ ಜಗತ್ತಿನ ಅತಿ ದೊಡ್ಡ ಆಟಗಾರರಾದರು. ಇಬ್ಬರಿಗೂ ಶುರುವಿನಲ್ಲಿ ಇದ್ದದ್ದು ಒಂದೇ ಕಾಯಿಲೆ, ಹುಕ್.

ಇಬ್ಬರಿಗೂ ಅದೇ ಯಾಕೆ? ಇಲ್ಲಿದೆ ನೋಡಿ ಸ್ವಾರಸ್ಯ. ಆವರೆಗೆ ಗಾಲ್ಫ್ ಕ್ಲಬ್ಬಿನ ಕೋಲು ಹಿಕೊರಿ ಎಂಬ ಮರದ್ದು. ಮರ ಬಾಗುವುದಷ್ಟೇ ಅಲ್ಲ, ಬೀಸಿದಾಗ ತಿರುಚಿಕೊಳ್ಳುತ್ತದೆ. ಆಗ ಕ್ಲಬ್ಬಿನ ಮುಖ ಬಲಕ್ಕೆ ತೆರೆದುಕೊಳ್ಳುತ್ತದೆ. ಅದನ್ನು ಮತ್ತೆ ಸರಿಗೆ ತರಲು ಹಿಂದಿನವರು ಬೀಗದ ಕೈ ತಿರುಗಿಸಿದ ಹಾಗೆ ಮುಂಗೈಯನ್ನು ಹೊರಳಿಸಿ ಹೊಡೆಯುತ್ತಿದ್ದರು. ತಲೆಮಾರುಗಳಿಂದ ಕಲಿಸಿಕೊಂಡು ಬಂದ ವಿದ್ಯೆ ಅದು. 1924ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ಉಕ್ಕಿನ ಕೋಲಿಗೆ ಒಪ್ಪಿಗೆ ಕೊಟ್ಟಿತು, ಬ್ರಿಟನ್ 1929ರಲ್ಲಿ ಕೊಟ್ಟಿತು. 1930ರಲ್ಲಿ ಬಾಬಿ ಜೋನ್ಸ್ ಹಿಕೊರಿ ಹಿಡಿದೇ ಒಂದೇ ವರ್ಷ ನಾಲ್ಕೂ ದೊಡ್ಡ ಪಂದ್ಯ ಗೆದ್ದು ಸ್ಪರ್ಧೆಯಿಂದ ನಿವೃತ್ತನಾದ. ಮರುವರ್ಷವೇ ಉಕ್ಕಿನ ಕೋಲು ಹಿಡಿದ ಬಿಲ್ಲಿ ಬರ್ಕ್ ಯು.ಎಸ್. ಓಪನ್ ಗೆದ್ದ. ಉಕ್ಕು ಮರದಷ್ಟು ತಿರುಚಿಕೊಳ್ಳುವುದಿಲ್ಲ. ಕೋಲು ಬದಲಾಯಿತು, ಕೈ ಬದಲಾಗಲಿಲ್ಲ. ಹಳೆ ಅಭ್ಯಾಸದಂತೆ ಮುಂಗೈ ಹೊರಳಿಸಿದರೆ ಮುಖ ಬೇಕಾದದ್ದಕ್ಕಿಂತ ಹೆಚ್ಚು ಮುಚ್ಚಿಕೊಂಡು ಚೆಂಡು ಎಡಕ್ಕೆ ಓಡಿತು. ಸೌದೆ ಒಲೆಯಲ್ಲಿ ಕಲಿತ ಅಜ್ಜಿ ಗ್ಯಾಸ್ ಒಲೆಯ ಮೇಲೆ ಹಾಲಿಟ್ಟು ಉಕ್ಕಿಸಿದ ಹಾಗೆ. ಅಜ್ಜಿಯ ಕೈಗುಣದಲ್ಲಿ ಕೊರತೆ ಇರಲಿಲ್ಲ.

ನೆಲ್ಸನ್ ಇದನ್ನು ಬೇಗ ಕಂಡುಕೊಂಡ. ಕೈಗಳ ಚಟುವಟಿಕೆ ಕಡಿಮೆ ಮಾಡಿ ಕಾಲು, ಸೊಂಟದ ಬಲದಿಂದ ಚೆಂಡಿನ ಮೂಲಕ ನೆಟ್ಟಗೆ ಸಾಗುವ ಹೊಡೆತ ರೂಢಿಸಿಕೊಂಡ. ಆಧುನಿಕ ಸ್ವಿಂಗ್‌ಗೆ ಅವನೇ ಪಿತಾಮಹ ಎನ್ನುವವರಿದ್ದಾರೆ. 1945ರಲ್ಲಿ ಸತತವಾಗಿ 11 ಪಂದ್ಯ, ಆ ವರ್ಷದಲ್ಲಿ ಒಟ್ಟು 18 ಪಂದ್ಯ ಗೆದ್ದ.

ಹೋಗನ್ ಹಣೆಯಲ್ಲಿ ಅದು ಬರೆದಿರಲಿಲ್ಲ. 1930ರಲ್ಲಿ, ಹದಿನೇಳು ವರ್ಷದ ಹುಡುಗ, ವೃತ್ತಿ ಆಟಗಾರನಾಗಲು ಹೊರಟ. ಜೇಬು ಖಾಲಿಯಾಗಿ ಮನೆಗೆ ವಾಪಸ್ ಬಂದ. ಮತ್ತೆ ಹೊರಟ, ಮತ್ತೆ ಬರಿಗೈಯಲ್ಲಿ ಬಂದ. ಸಣ್ಣ ಆಳು. ದೊಡ್ಡ ದೇಹದವರಷ್ಟು ದೂರ ಹೊಡೆಯಬೇಕೆಂದು ಮೈಯೆಲ್ಲ ಬಿಲ್ಲಿನಂತೆ ತಿರುಗಿಸಿ ಬೀಸುತ್ತಿದ್ದ. ಎಡಗೈ ಹಿಡಿತವೂ ಮುಖ ಮುಚ್ಚುವಂಥದ್ದೇ. ಮೂರು ಹೊಡೆತ ಚಿನ್ನದಂಥವು, ನಾಲ್ಕನೆಯದು ಎಡಗಡೆಯ ಮರಗಳ ಒಳಕ್ಕೆ. ಗಾಲ್ಫ್ ಪಂದ್ಯದಲ್ಲಿ ಮೂರು ಚೆನ್ನಾಗಿ ಹೊಡೆದದ್ದಕ್ಕೆ ಯಾರೂ ಸಂಬಳ ಕೊಡುವುದಿಲ್ಲ. ನಾಲ್ಕನೆಯದು ಎಲ್ಲವನ್ನೂ ತಿಂದು ಹಾಕುತ್ತದೆ.

1935ರಲ್ಲಿ ವ್ಯಾಲೆರಿ ಫಾಕ್ಸ್ ಎಂಬಾಕೆಯನ್ನು ಮದುವೆಯಾದ. ಇಬ್ಬರೂ ಹಳೆ ಕಾರಿನಲ್ಲಿ ಊರಿಂದ ಊರಿಗೆ ಪಂದ್ಯ ಹುಡುಕಿಕೊಂಡು ಅಲೆದರು. ಒಂದು ಸಲ ಕ್ಯಾಲಿಫೋರ್ನಿಯಾಕ್ಕೆ ಹೊರಡಬೇಕು, ಇಬ್ಬರಿಗೂ ಸಾಲುವಷ್ಟು ದುಡ್ಡಿಲ್ಲ. ಗಂಡ ಒಬ್ಬನೇ ಹೋಗಲಿ ಎಂದು ಆಕೆ, ನೀನಿಲ್ಲದೆ ಹೋಗುವುದಿಲ್ಲ ಎಂದು ಇವನು. ನೋಡಿ, ಮತ್ತೆ ಹೋಗನು! ಆಗ ಹೆನ್ರಿ ಪಿಕಾರ್ಡ್ ಎಂಬ ಪ್ರಸಿದ್ಧ ಆಟಗಾರ, ಇಬ್ಬರೂ ಹೋಗಿ, ದುಡ್ಡು ಮುಗಿದರೆ ನಾನಿದ್ದೇನೆ ಎಂದ. ಪಿಕಾರ್ಡ್ ಹೋಗನ್‌ಗೆ ಎದುರಾಳಿ. ಎದುರಾಳಿಗೆ ಈ ಮಾತು ಹೇಳುವವರು ಎಷ್ಟು ಜನ ಸಿಗುತ್ತಾರೆ?

1938ರ ಜನವರಿಯಲ್ಲಿ ಓಕ್ಲೆಂಡ್ ಪಂದ್ಯ. ಬೆಳಿಗ್ಗೆ ಎದ್ದು ನೋಡಿದರೆ ಕಾರಿನ ಹಿಂದಿನ ಚಕ್ರಗಳನ್ನು ಕಳ್ಳರು ಬಿಚ್ಚಿಕೊಂಡು ಹೋಗಿದ್ದಾರೆ. ಹೋಗನ್ ಗೋಡೆಗೆ ಮುಷ್ಟಿ ಗುದ್ದಿಕೊಂಡು ಅಳುತ್ತಿದ್ದದ್ದನ್ನು ಕಂಡೆ ಎಂದು ಸ್ಯಾಮ್ ಸ್ನೀಡ್ ಎಷ್ಟೋ ವರ್ಷಗಳ ಮೇಲೆ ನೆನಪಿಸಿಕೊಂಡ. ಹೇಗೋ ಮೈದಾನ ತಲುಪಿ ಆಡಿದ, ಕೆಲವು ನೂರು ಡಾಲರ್ ಬಹುಮಾನ ಬಂತು. ಪಿಕಾರ್ಡ್‌ನ ದುಡ್ಡು ಕೇಳುವ ಪ್ರಸಂಗ ಬರಲಿಲ್ಲ. ಆದರೆ ಪಿಕಾರ್ಡ್ ಅದಕ್ಕಿಂತ ದೊಡ್ಡದನ್ನು ಕೊಟ್ಟ. ಹೋಗನ್‌ನ ಹಿಡಿತ ತಿದ್ದಿದ. ಕೈಯನ್ನು ಕೋಲಿನ ಮೇಲೆ ಸ್ವಲ್ಪ ಎಡಕ್ಕೆ ಸರಿಸಿದರೆ ಮುಖ ಅಷ್ಟು ಸುಲಭವಾಗಿ ಮುಚ್ಚುವುದಿಲ್ಲ ಎಂದು ತೋರಿಸಿಕೊಟ್ಟ. 1948ರಲ್ಲಿ ಹೋಗನ್ ಬರೆದ ಮೊದಲ ಪುಸ್ತಕ 'ಪವರ್ ಗಾಲ್ಫ್' ಅರ್ಪಣೆಯಾದದ್ದು ಪಿಕಾರ್ಡ್‌ಗೆ.

1940ರ ಮಾರ್ಚ್‌ನಲ್ಲಿ ಬಾಗಿಲು ತೆರೆಯಿತು. ನಾರ್ತ್ ಕ್ಯಾರೊಲೈನಾದಲ್ಲಿ ಪೈನ್‌ಹರ್ಸ್ಟ್, ಗ್ರೀನ್ಸ್‌ಬರೋ, ಆಶ್‌ವಿಲ್, ಒಂದರ ಹಿಂದೆ ಒಂದು ಮೂರು ಪಂದ್ಯ ಗೆದ್ದ. ವೃತ್ತಿಗೆ ಇಳಿದು ಹತ್ತು ವರ್ಷದ ಮೇಲೆ ಒಬ್ಬನೇ ಗೆದ್ದ ಮೊದಲ ಗೆಲುವು. ಆದರೂ ಹುಕ್ ಪೂರ್ತಿ ಹೋಗಿರಲಿಲ್ಲ. ಬಾಗಿಲ ಹಿಂದೆ ನಿಂತ ಸಾಲಗಾರನಂತೆ, ಒತ್ತಡ ಬಂದ ದಿನವೇ ಇಣುಕುತ್ತಿತ್ತು. ಯುದ್ಧ ಬಂತು, ಸೈನ್ಯಕ್ಕೆ ಹೋಗಿ ಬಂದ. 1946ರಲ್ಲಿ ಆಟವನ್ನು ಅರ್ಧಕ್ಕೇ ಬಿಟ್ಟು ಫೋರ್ಟ್ ವರ್ತ್‌ಗೆ ಮರಳಿ ಈ ಒಂದೇ ವಿಷಯ ಹಿಡಿದು ಕೂತ.

ಆಗ ಹೊಳೆದದ್ದು ಎರಡು ತಿದ್ದುಪಡಿ. ಹಳಬರ ಮುಂಗೈ ಹೊರಳಿಸುವ ವಿದ್ಯೆಯನ್ನು ಬಿಡಲಿಲ್ಲ, ಅದರಿಂದ ಬಲ ಬರುತ್ತದೆ. ಆದರೆ ಅದರ ಹಲ್ಲು ಕಿತ್ತ. ಮೊದಲನೆಯದು, ಎಡಗೈ ಹೆಬ್ಬೆರಳು ಕೋಲಿನ ಮೇಲೆ ನೇರವಾಗಿ ಕೂರುವಂತೆ ಎಡಗೈಯನ್ನು ಸುಮಾರು ಅರ್ಧ ಇಂಚು ಎಡಕ್ಕೆ ಸರಿಸಿದ. ಎರಡನೆಯದೇ ಗುಟ್ಟು. ಕೋಲು ಮೇಲೆ ಹೋಗಿ ನಿಂತಾಗ ಎಡ ಮಣಿಕಟ್ಟನ್ನು ಕೊಂಚ ಹಿಂದಕ್ಕೆ ಬಗ್ಗಿಸಿದ. ನಮ್ಮ ಉಡುಪಿ ಹೋಟೆಲಿನ ಮಾಣಿ ಎಡಗೈಯಲ್ಲಿ ತಟ್ಟೆ ಎತ್ತಿಕೊಂಡು ಬರುತ್ತಾನಲ್ಲ, ಅವನ ಮಣಿಕಟ್ಟು ನೋಡಿ, ಅದರ ಕಾಲು ಭಾಗ ಬಗ್ಗಿದರೆ ಸಾಕು. ಹೀಗಾದಾಗ ಮುಖ ಎಷ್ಟು ತೆರೆದುಕೊಳ್ಳುತ್ತದೆ ಅಂದರೆ, ಕೆಳಗೆ ಬರುತ್ತಾ ಎಷ್ಟೇ ಜೋರಾಗಿ ಹೊರಳಿಸಿದರೂ ಅತಿಯಾಗಿ ಮುಚ್ಚಲು ಸಮಯವೇ ಇರುವುದಿಲ್ಲ. ನೋಡುವವರಿಗೆ ಏನೂ ಕಾಣಿಸದು. ಎಡಕ್ಕೆ ಓಡುತ್ತಿದ್ದ ಚೆಂಡು ಎತ್ತರಕ್ಕೆ ಹಾರಿ ಕೊನೆಯಲ್ಲಿ ಮೆತ್ತಗೆ ಬಲಕ್ಕೆ ವಾಲಿ ಇಳಿಯತೊಡಗಿತು. 1946ರಲ್ಲೇ ಪಿ.ಜಿ.ಎ. ಚಾಂಪಿಯನ್‌ಶಿಪ್, 1948ರಲ್ಲಿ ಅದೇ ಇನ್ನೊಮ್ಮೆ, ಜೊತೆಗೆ ಯು.ಎಸ್. ಓಪನ್.

ಇನ್ನೇನು ಎಲ್ಲ ಸರಿಹೋಯಿತು ಅನ್ನುವಾಗ 1949ರ ಫೆಬ್ರವರಿ 2. ಟೆಕ್ಸಾಸ್‌ನ ವ್ಯಾನ್ ಹಾರ್ನ್ ಬಳಿ ಮಂಜು ಕವಿದ ರಸ್ತೆಯಲ್ಲಿ ಎದುರಿನಿಂದ ಬಂದ ಬಸ್ಸು ಇವರ ಕಾರಿಗೆ ನೇರ ಗುದ್ದಿತು. ಹೋಗನ್ ಹೆಂಡತಿಯನ್ನು ಕಾಪಾಡಲು ಆಕೆಯ ಮೇಲೆ ಅಡ್ಡ ಬಿದ್ದ. ಸ್ಟಿಯರಿಂಗ್ ಅವನ ಸೀಟಿನೊಳಕ್ಕೇ ನುಗ್ಗಿತ್ತು, ಅಲ್ಲೇ ಕೂತಿದ್ದರೆ ಬದುಕುತ್ತಿರಲಿಲ್ಲ. ಸೊಂಟದ ಮೂಳೆ, ಕೊರಳ ಮೂಳೆ, ಎಡ ಪಾದದ ಕೀಲು, ಪಕ್ಕೆಲುಬು ಮುರಿದವು. ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೆ ಬಂದಾಗ ನ್ಯೂ ಆರ್ಲಿಯನ್ಸ್‌ನ ಡಾಕ್ಟರ್ ಆಲ್ಟನ್ ಓಕ್ಸ್‌ನರ್ ಆಪರೇಷನ್ ಮಾಡಿ ದೊಡ್ಡ ರಕ್ತನಾಳವನ್ನೇ ಕಟ್ಟಿಹಾಕಿದರು. ಆಮೇಲೆ ಜೀವನಪೂರ್ತಿ ಕಾಲು ಊತ, ನೋವು. ಹದಿನಾರು ತಿಂಗಳ ನಂತರ, 1950ರ ಜೂನ್‌ನಲ್ಲಿ, ಕಾಲಿಗೆ ಪಟ್ಟಿ ಸುತ್ತಿಕೊಂಡು ಮೆರಿಯನ್ ಮೈದಾನದಲ್ಲಿ ಯು.ಎಸ್. ಓಪನ್ ಆಡಿದ. ಆಗೆಲ್ಲ ಕೊನೆಯ ದಿನ ಒಂದೇ ದಿನದಲ್ಲಿ 36 ಹೋಲ್ ನಡೆಯಬೇಕಿತ್ತು. ಕೊನೆಯ ಹೋಲ್‌ನಲ್ಲಿ ಒನ್ ಐರನ್ ಎಂಬ ಕಷ್ಟದ ಕ್ಲಬ್ ಹಿಡಿದು ನೆಟ್ಟಗೆ ಹೊಡೆದ ಆ ಹೊಡೆತವನ್ನು ಹೈ ಪೆಸ್ಕಿನ್ ಹಿಂದಿನಿಂದ ತೆಗೆದ ಫೋಟೋ ಗಾಲ್ಫ್ ಲೋಕದಲ್ಲಿ ಎಲ್ಲರೂ ಬಲ್ಲ ಚಿತ್ರ. ಮೂವರು ಸಮ ಬಂದು, ಮರುದಿನ ಮತ್ತೆ 18 ಹೋಲ್ ಆಡಿ ಗೆದ್ದ. ಹತ್ತು ವರ್ಷ ಹಿಂದಿನ ಹುಕ್ ಆ ಕೊನೆಯ ಹೋಲ್‌ನಲ್ಲಿ ಒಮ್ಮೆ ಇಣುಕಿದ್ದರೂ ಸಾಕಿತ್ತು.

1953ರಲ್ಲಿ ಮಾಸ್ಟರ್ಸ್, ಯು.ಎಸ್. ಓಪನ್ ಗೆದ್ದು ಸ್ಕಾಟ್ಲೆಂಡಿನ ಕಾರ್ನೂಸ್ಟಿಗೆ ಬ್ರಿಟಿಷ್ ಓಪನ್ ಆಡಲು ಹೋದ. ಅಲ್ಲಿಯ ಆರನೇ ಹೋಲ್‌ನಲ್ಲಿ ಎಡಕ್ಕೆ ಬೇಲಿ. ಬೇಲಿ ದಾಟಿದರೆ ದಂಡ. ಎಲ್ಲರೂ ಬಲಗಡೆಯ ಸುರಕ್ಷಿತ ದಾರಿ ಹಿಡಿದರೆ, ಹೋಗನ್ ಬೇಲಿಗೂ ಮರಳು ಗುಂಡಿಗೂ ನಡುವಿನ ಕಿರುದಾರಿಗೇ ಹೊಡೆದ ಎನ್ನುತ್ತಾರೆ. ಆ ಜಾಗಕ್ಕೆ ಇವತ್ತಿಗೂ 'ಹೋಗನ್ಸ್ ಆಲಿ', ಹೋಗನ್‌ನ ಓಣಿ ಎಂದು ಹೆಸರು. ಎಡಕ್ಕೆ ಓಡುವ ಚೆಂಡಿಗೆ ಹೆದರಿ ಹೆದರಿ ಬದುಕಿದವನು ಎಡಗಡೆಯ ಬೇಲಿಯ ಪಕ್ಕದಲ್ಲೇ ಚೆಂಡು ಹಾರಿಸಿದ ಅನ್ನುವುದನ್ನು ಓದಿದಾಗ ನಾನು ಪುಸ್ತಕ ಮಡಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ನಾಲ್ಕು ಸುತ್ತಿನಲ್ಲಿ 73, 71, 70, 68. ನಾಲ್ಕು ಹೊಡೆತದ ಅಂತರದ ಗೆಲುವು.

ಅವನ ಗುಟ್ಟೇನು ಎಂದು ಎಲ್ಲರಿಗೂ ಕುತೂಹಲ. 1955ರ ಆಗಸ್ಟ್‌ನಲ್ಲಿ 'ಲೈಫ್' ಪತ್ರಿಕೆಯಲ್ಲಿ ಹೋಗನ್ ಮೇಲೆ ಹೇಳಿದ ಎರಡೂ ತಿದ್ದುಪಡಿಯನ್ನು ಬಿಚ್ಚಿಟ್ಟ. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟ. ಇದು ಚೆನ್ನಾಗಿ ಆಡುವವನಿಗೆ ವರ, ರಜೆಯ ದಿನ ಆಡುವವನಿಗೆ ಉಪಯೋಗವಿಲ್ಲ, ಕೆಟ್ಟದಾಗಿ ಆಡುವವನ ಆಟವನ್ನು ಪೂರ್ತಿ ಕೆಡಿಸುತ್ತದೆ ಎಂಬರ್ಥದ ಮಾತು. 1957ರಲ್ಲಿ ಹರ್ಬರ್ಟ್ ವಾರೆನ್ ವಿಂಡ್ ಜೊತೆ ಸೇರಿ 'ಫೈವ್ ಲೆಸನ್ಸ್' ಬರೆದ. ಇಂದಿಗೂ ಮಾರಾಟವಾಗುವ ಪುಸ್ತಕ. ಅದರಲ್ಲಿ ಹೇಳಿದ ಹಿಡಿತವೂ ಹುಕ್ಕಿನಿಂದ ನರಳಿದವನ ಹಿಡಿತವೇ. ಓದಿದವರಲ್ಲಿ ಹೆಚ್ಚಿನವರು ಯಾರು? ಆಗಲೇ ಹೇಳಿದೆನಲ್ಲ, ಸ್ಲೈಸ್‌ನವರು! ಸಕ್ಕರೆ ಕಾಯಿಲೆಯವನ ಚೀಟಿ ತೆಗೆದುಕೊಂಡು ನಿತ್ರಾಣದವನು ಔಷಧಿ ಅಂಗಡಿಗೆ ಹೋದ ಹಾಗೆ. ಮೊದಲೇ ಬಲಕ್ಕೆ ಹೋಗುತ್ತಿದ್ದ ಅವರ ಚೆಂಡು ಇನ್ನೂ ಬಲಕ್ಕೆ ಹೋಯಿತು. ಹೋಗನ್ ದೊಡ್ಡವನು, ಅದಕ್ಕೆ ಅವನ ಮದ್ದು ಎಲ್ಲರಿಗೂ ಮದ್ದು ಎಂದುಕೊಂಡವರ ತಪ್ಪು ಅದು. ಆತ ಎಚ್ಚರಿಸಿದ್ದನ್ನು ಯಾರೂ ಗಮನಕ್ಕೆ ತಂದುಕೊಳ್ಳಲಿಲ್ಲ.

ಬಹಳ ಕಾಲ ಮೇಷ್ಟ್ರುಗಳೂ ಒಂದು ತಪ್ಪು ಪಾಠ ಹೇಳುತ್ತಿದ್ದರು. ಚೆಂಡು ಹೊರಡುವುದು ಕ್ಲಬ್ ಬೀಸಿದ ದಿಕ್ಕಿಗೆ, ಬಾಗುವುದು ಮುಖ ನೋಡುವ ದಿಕ್ಕಿಗೆ ಅಂತ. 1990ರ ದಶಕದಲ್ಲಿ ಥಿಯೊಡರ್ ಜಾರ್ಗೆನ್‌ಸನ್ ಎಂಬ ಭೌತಶಾಸ್ತ್ರಜ್ಞ ಇದು ಸರಿಯಲ್ಲ ಎಂದು ಬರೆದ. 2003ರ ನಂತರ ಡೆನ್ಮಾರ್ಕಿನ ಟ್ರ್ಯಾಕ್‌ಮನ್ ರಾಡಾರ್ ಅದನ್ನೇ ಅಳೆದು ತೋರಿಸಿತು. ಚೆಂಡು ಹೊರಡುವ ದಿಕ್ಕಿನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ತೀರ್ಮಾನ ಮುಖದ್ದೇ. ಬಾಗುವುದು ಮುಖಕ್ಕೂ ದಾರಿಗೂ ಇರುವ ವ್ಯತ್ಯಾಸದಿಂದ. ಇದು ಹುಕ್ ಇರುವವರಿಗೆ ಯಾಕೆ ಮುಖ್ಯ ಅಂದರೆ, ಚೆಂಡು ಎಡಕ್ಕೆ ಹೋಗುತ್ತದೆಂದು ಅವರು ಹೆದರಿ ಬಲಕ್ಕೆ, ಇನ್ನೂ ಬಲಕ್ಕೆ ಬೀಸುತ್ತಾರೆ. ದಾರಿ ಬಲಕ್ಕೆ ಹೋದಷ್ಟೂ ಮುಖದೊಂದಿಗಿನ ವ್ಯತ್ಯಾಸ ಹೆಚ್ಚಾಗಿ ಹುಕ್ ಇನ್ನೂ ಜೋರಾಗುತ್ತದೆ. ಮದ್ದೆಂದು ತಿಳಿದು ವಿಷ ಕುಡಿಯುವುದು ಇದನ್ನೇ.

ಇಷ್ಟನ್ನು ಬರೆದಿಟ್ಟುಕೊಂಡು ಮುಂದಿನ ಭಾನುವಾರ ಹಿರಿಯರಿಗೆ ಹೇಳಿದೆ. ಮೊದಲು ಎಡಗೈ ನೋಡಿಕೊಳ್ಳಿ ಸಾರ್. ಕೋಲು ಹಿಡಿದು ಕೆಳಗೆ ನೋಡಿದಾಗ ಎಡಗೈಯ ಮೂರು ನಾಲ್ಕು ಗೆಣ್ಣು ಕಾಣಿಸುತ್ತಿದ್ದರೆ, ಎರಡು ಕಾಣಿಸುವ ತನಕ ಕೈ ಎಡಕ್ಕೆ ಸರಿಸಿ. ಗುರಿಯನ್ನು ಬಲಕ್ಕೆ ಇಟ್ಟುಕೊಳ್ಳುವ ಅಭ್ಯಾಸ ಬಿಡಿ, ಪಾದ ಭುಜ ನೆಟ್ಟಗಿರಲಿ. ಹೊಡೆಯುವಾಗ ಸೊಂಟ ತಿರುಗುವುದನ್ನು ನಿಲ್ಲಿಸಬೇಡಿ, ಮೈ ನಿಂತರೆ ಕೈ ಹೊರಳಿ ಮುಖ ಮುಚ್ಚುತ್ತದೆ. ಈ ಮೂರು ಆಗದೆ ಮಣಿಕಟ್ಟಿನ ಗುಟ್ಟಿಗೆ ಕೈ ಹಾಕಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದೂ ನಿಮ್ಮ ಕೋಚ್ ಎದುರಿಗೆ. ಅವರು ಬರೆದುಕೊಳ್ಳುತ್ತಿದ್ದರು, ಪೆನ್ನಿನ ಸದ್ದು ಫೋನಿನಲ್ಲಿ ಕೇಳುತ್ತಿತ್ತು.

ಮೂರು ವಾರ ಫೋನ್ ಇಲ್ಲ. ನಾಲ್ಕನೇ ಭಾನುವಾರ ಬಂತು.

"ಹೇಗಿದೆ ಸಾರ್ ಹುಕ್ಕು?"

"ಹುಕ್ಕು ಹೋಯ್ತು ಮಾರಾಯ್ರೇ. ಆ ಮಣಿಕಟ್ಟಿನದ್ದನ್ನು ಒಂದು ಚೂರು ಮಾಡಿ ನೋಡಿದೆ."

"ಮಾಡಬೇಡಿ ಅಂದಿದ್ದೆನಲ್ಲ?"

"ಹೌದು. ಈಗ ಬಲಕ್ಕೆ ಹೋಗ್ತದೆ. ಅದಿರಲಿ, ಪಿ.ಬಿ. ಶ್ರೀನಿವಾಸರದ್ದು ಒಂದು ಹಾಡು ಹಾಕಿ."